ನಿರ್ದೋಷಿ ಗಿಟಾರ್

ಯಂತ್ರದ ಎರಡು ಕೈಗಳು ಗಿಟಾರಿನ ಮೇಲೆ ಇಳಿದವು. ಎಡಗೈಯ ರಬ್ಬರ್ ಬೆರಳುಗಳು ತಂತಿಯನ್ನು ಒತ್ತಿ ಹಿಡಿದವು, ಬಲಗೈ ಒಂದೊಂದೇ ತಂತಿಯನ್ನು ಮೀಟುತ್ತ ಹೋಯಿತು. ಸುತ್ತಲಿನ ಕಂಬಗಳಿಂದ ಹೊರಟ ಸಣ್ಣ ಬೆಳಕಿನ ಕಿರಣಗಳು ಗಿಟಾರಿನ ಮೈಯನ್ನೆಲ್ಲ ತಡವಿ, ಅದು ಎಲ್ಲೆಲ್ಲಿ ಎಷ್ಟೆಷ್ಟು ಕಂಪಿಸುತ್ತಿದೆ ಎಂದು ಅಳೆದವು. ಎದುರಿನ ಪರದೆಯ ಮೇಲೆ ಗಿಟಾರಿನ ಚಿತ್ರ ಮೂಡಿ, ಅದರೊಳಗೆ ನೀಲಿ ಬಣ್ಣ ಕಾಲುವೆಯ ನೀರಿನಂತೆ ಹರಿಯತೊಡಗಿತು. ಕುತ್ತಿಗೆಯು ಒಡಲಿಗೆ ಸೇರುವ ಕಡೆ ನೀಲಿ ತಟ್ಟನೆ ನಿಂತು ಕೆಂಪು ಕಲೆಯೊಂದು ಕಾಣಿಸಿತು.

“ನೋಡ್ರಿ ಸುಕುಮಾರ್, ನಿಮ್ಮ ಕಳ್ಳ ಸಿಕ್ಕ,” ಎಂದಳು ಶಾಲ್ಮಲಾ ಹಂಚಿನಮನಿ.

ಸುಕುಮಾರ್ ಬೆಟಗೇರಿಯ ಚರ್ಚಿನಲ್ಲಿ ಗಿಟಾರ್ ನುಡಿಸುವವನು. ಗಿಟಾರಿಗೆ ಜೀವವಿಲ್ಲವೆಂದು ಎರಡು ಸಲ ಪಿಕಪ್ ಬದಲಿಸಿದ್ದ, ಒಳಗಿನ ವೈರುಗಳನ್ನೆಲ್ಲ ಕಿತ್ತು ಹೊಸದು ಹಾಕಿಸಿದ್ದ, ಕೊನೆಗೆ ಬೇಸತ್ತು ಧಾರವಾಡದ ಈ ಪ್ರಯೋಗಾಲಯಕ್ಕೆ ಬಂದಿದ್ದ. ಶಾಲ್ಮಲಾ ನಾಲ್ಕು ತಿರುಪು ಬಿಚ್ಚಿ ಕುತ್ತಿಗೆಯನ್ನು ಎತ್ತಿದಳು. ಹಿಂದೆಂದೋ ರಿಪೇರಿಯವರು ಎತ್ತರ ಸರಿದೂಗಿಸಲು ಮಡಚಿಟ್ಟಿದ್ದ ರಟ್ಟಿನ ತುಂಡೊಂದು ಅಲ್ಲಿತ್ತು. ತಂತಿಯ ಕಂಪನವನ್ನೆಲ್ಲ ಆ ರಟ್ಟು ಕುಡಿದುಬಿಡುತ್ತಿತ್ತು. ಅದನ್ನು ತೆಗೆದು ಬಿಗಿದು ಕೊಟ್ಟಾಗ ಸುಕುಮಾರ್ ಒಂದು ಸ್ವರ ಮೀಟಿದ. ಮೀಟಿದವನು ಹಾಗೇ ಬಾಯಿ ತೆರೆದುಕೊಂಡು ಕೂತ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಪಟ್ಟಿ ಇರುತ್ತದೆ. ಅಯಸ್ಕಾಂತಕ್ಕೆ ಕೂದಲಿನಷ್ಟು ಸಣ್ಣ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ ಸಾಧನ ಅದು. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಬಲ ಕದಡಿ ತಾಮ್ರದಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿದರೆ ಸ್ಪೀಕರಿನಲ್ಲಿ ನಾದ. ಗಿಟಾರ್ ಸಪ್ಪೆಯಾದರೆ ಎಲ್ಲರೂ ಮೊದಲು ಪಿಕಪ್ಪಿನ ಮೇಲೆ ಗೂಬೆ ಕೂರಿಸುತ್ತಾರೆ. ಪಾಪ, ಪಿಕಪ್ ಬರೀ ಕಿವಿ. ತಂತಿ ಹೇಳದ್ದನ್ನು ಅದು ಕೇಳಿಸಿಕೊಳ್ಳಲಾರದು. ತಂತಿ ಏಕೆ ಹೇಳುತ್ತಿಲ್ಲ ಎಂದು ಹುಡುಕುವುದಕ್ಕೆ ಶಾಲ್ಮಲಾ ತನ್ನ ಯಂತ್ರವನ್ನು ಕಟ್ಟಿದ್ದಳು. ಅದಕ್ಕೆ ಅವಳು ಇಟ್ಟ ಹೆಸರು ನಾದಗನ್ನಡಿ.

ಇದು ಈ ಶತಮಾನದ ಐವತ್ತರ ದಶಕದ ಮಾತು. ಎರಡು ಸಾಲು ಹೇಳಿದರೆ ಸಾಕು, ಇಡೀ ವಾದ್ಯವೃಂದವನ್ನೇ ಕಟ್ಟಿ ಹಾಡು ಕೇಳಿಸುವ ಗಣಕಗಳು ಬಂದು ಎಷ್ಟೋ ಕಾಲವಾಗಿತ್ತು. ಅಂಥ ಹಾಡು ಕೇಳಿ ಕೇಳಿ ಜನರಿಗೆ ಓಕರಿಕೆ ಬಂದಿತ್ತೋ ಏನೋ, ಮನುಷ್ಯರು ಕಣ್ಣೆದುರಿಗೆ ಕೂತು ಬಾರಿಸುವ ಆರ್ಕೆಸ್ಟ್ರಾಗಳಿಗೆ ಮತ್ತೆ ಕಾಲ ಬಂದಿತ್ತು. ಹುಬ್ಬಳ್ಳಿಯೊಂದರಲ್ಲೇ ಗಣಪತಿ ಹಬ್ಬದ ದಿನಗಳಲ್ಲಿ ಓಣಿಗೊಂದು ಆರ್ಕೆಸ್ಟ್ರಾ ನಡೆಯುತ್ತಿತ್ತು. ಹೀಗಾಗಿ ನಾದಗನ್ನಡಿಯ ಮುಂದೆ ಗಿಟಾರ್ ಹೊತ್ತವರ ಸಾಲು ಕರಗುತ್ತಿರಲಿಲ್ಲ.

ಬಂದವುಗಳಲ್ಲಿ ಹೆಚ್ಚಿನವಕ್ಕೆ ಮದ್ದು ಸಿಗುತ್ತಿತ್ತು. ಸಡಿಲ ತಿರುಪು, ತಂತಿಗಳನ್ನು ಹೊತ್ತ ಸೇತುವೆಯ ಸವೆತ, ಬಣ್ಣದ ದಪ್ಪ ಪದರ, ಹೀಗೆ ಏನೋ ಒಂದು. ಆದರೆ ಆಗೀಗ ಒಂದು ಗಿಟಾರ್ ಬರುತ್ತಿತ್ತು, ಅದರ ಮೈಯಲ್ಲಿ ಕೆಂಪು ಕಲೆಯೇ ಇರುತ್ತಿರಲಿಲ್ಲ. ಯಂತ್ರದ ಕೈಯಲ್ಲಿ ಅದು ಕೋಗಿಲೆಯಾಗುತ್ತಿತ್ತು, ಒಡೆಯನ ಕೈಗೆ ಮರಳಿದ ಕೂಡಲೇ ಸಪ್ಪೆ. ಪ್ರಯೋಗಾಲಯದವರು ಅಂಥವನ್ನು ನಿರ್ದೋಷಿಗಳು ಎಂದು ಕರೆಯುತ್ತಿದ್ದರು. “ನಿಮ್ಮ ಗಿಟಾರಿಗೆ ಏನೂ ಆಗಿಲ್ಲ” ಎಂದರೆ ಒಡೆಯರು ಮುಖ ಊದಿಸಿಕೊಂಡು ಹೋಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಶಾಲ್ಮಲಾ ಅವರ ಬೆನ್ನ ಹಿಂದೆ ಒಂದೆರಡು ಸಲ ನಕ್ಕದ್ದೂ ಉಂಟು.

ಆ ನಗು ನಿಂತದ್ದು ಡಾಕ್ಟರ್ ನಿಖತ್ ಬಾಗವಾನ ಬಂದ ದಿನ. ಆಕೆ ಹುಬ್ಬಳ್ಳಿಯಲ್ಲಿ ನರರೋಗಗಳ ತಜ್ಞೆ. ಗಿಟಾರ್ ತಂದಿರಲಿಲ್ಲ, ಬರಿಗೈಯಲ್ಲಿ ಬಂದಿದ್ದರು.

“ನಿಮ್ಮ ಹೆಸರು ನನ್ನ ಪೇಷಂಟ್‌ಗಳ ಬಾಯಾಗ ಕೇಳಿ ಕೇಳಿ, ಒಮ್ಮೆ ನೋಡೂಣು ಅಂತ ಬಂದೇನ್ರಿ,” ಎಂದರು ನಿಖತ್. “ಎಲ್ಲಾರೂ ಗಿಟಾರ್ ಬಾರಸವರು. ಎಲ್ಲಾರಿಗೂ ಪಾರ್ಕಿನ್ಸನ್ ಆಗೇತಿ. ಯಾವಾಗಿಂದ ತ್ರಾಸ ಅಂತ ಕೇಳಿದ್ರ, ಕೈ ನಡಗೂದಕ್ಕಿಂತ ಎಷ್ಟೋ ಮೊದಲ ನಮ್ಮ ಗಿಟಾರ್ ಸತ್ತುಹೋಗಿತ್ತು ಅಂತಾರ. ಧಾರವಾಡದ ಮೇಡಮ್ ಕಡೆ ಒಯ್ದಿದ್ವಿ, ಏನೂ ದೋಷ ಇಲ್ಲ ಅಂದ್ರು ಅಂತಾರ.”

“ದೋಷ ಇರಲಿಲ್ಲಲ್ರೀ ಡಾಕ್ಟರ್,” ಎಂದಳು ಶಾಲ್ಮಲಾ.

“ಗಿಟಾರಿನಾಗ ಇರಲಿಲ್ಲ,” ಎಂದರು ನಿಖತ್.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ಒಂದು ಮೂಲೆಯ ಜೀವಕೋಶಗಳು ಮೆಲ್ಲಮೆಲ್ಲನೆ ಸಾಯುತ್ತವೆ. ಕೈಕಾಲಿನ ಚಲನೆಯನ್ನು ನಯವಾಗಿಸುವ ರಾಸಾಯನಿಕ ಅಲ್ಲಿ ತಯಾರಾಗುತ್ತದೆ. ಕೈ ನಡುಗುವುದು ಬಹಳ ತಡವಾಗಿ ಬರುವ ಲಕ್ಷಣ. ಅದಕ್ಕೂ ವರ್ಷಗಳ ಮುಂಚೆ ಅಕ್ಷರ ಸಣ್ಣದಾಗುತ್ತದೆ, ದನಿ ತಗ್ಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದನ್ನು ಮರೆಯುತ್ತದೆ. ಆ ಹೊತ್ತಿಗೆ ರೋಗವನ್ನು ಇದ್ದಲ್ಲೇ ತಡೆದು ನಿಲ್ಲಿಸುವ ಔಷಧಿ ಬಂದಿತ್ತು. ಅದು ನಿಲ್ಲಿಸುತ್ತಿತ್ತು ಅಷ್ಟೆ, ಕಳೆದುಹೋದದ್ದನ್ನು ಮರಳಿ ತರುತ್ತಿರಲಿಲ್ಲ. ಆದ್ದರಿಂದ ರೋಗ ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿತ್ತು.

ಇಬ್ಬರೂ ಕೂತು ನಿರ್ದೋಷಿ ಗಿಟಾರುಗಳ ಒಡೆಯರು ನುಡಿಸಿದ್ದ ಹಳೆಯ, ಹೊಸ ಧ್ವನಿಮುದ್ರಿಕೆಗಳನ್ನೆಲ್ಲ ಕೂಡಿಸಿ ನಾದಗನ್ನಡಿಗೆ ಕೇಳಿಸಿದರು. ಆರೋಗ್ಯವಂತನ ಬೆರಳು ತಂತಿಯನ್ನು ಒತ್ತಿದ ಮೇಲೂ ಸುಮ್ಮನಿರುವುದಿಲ್ಲ, ತನಗೇ ಗೊತ್ತಿಲ್ಲದಂತೆ ಸಣ್ಣಗೆ ತೂಗುತ್ತದೆ. ಒಂದು ಮೀಟು ಇನ್ನೊಂದರಂತೆ ಇರುವುದಿಲ್ಲ. ಕಿವಿ ಜೀವ ಎಂದು ಕರೆಯುವುದು ಈ ತೂಗಾಟವನ್ನು, ಈ ಏರುಪೇರನ್ನು. ಆ ಒಡೆಯರೆಲ್ಲರ ಕೈಯಲ್ಲೂ ಅದು ಬೇಸಗೆಯ ಹಳ್ಳದಂತೆ ಬತ್ತುತ್ತ ಬಂದಿತ್ತು, ಎಲ್ಲರಲ್ಲೂ ಒಂದೇ ಬಗೆಯಲ್ಲಿ. ವೈದ್ಯರ ಯಾವ ಪರೀಕ್ಷೆಗೂ ಸಿಗದ ರೋಗವನ್ನು ಗಿಟಾರ್ ಆರೇಳು ವರ್ಷ ಮೊದಲೇ ಹೇಳುತ್ತಿತ್ತು.

ನಿಖತ್ ಕುರ್ಚಿಯಿಂದ ಎದ್ದೇ ಬಿಟ್ಟರು. ಎಂಥ ಶೋಧ ಇದು, ಎಷ್ಟು ಜನ ಉಳಿಯುತ್ತಾರೆ ಎಂದು ಮಾತಾಡುತ್ತಲೇ ಇದ್ದರು. ಶಾಲ್ಮಲಾಳಿಗೆ ಮಾತ್ರ ತನ್ನ ಅಣ್ಣನ ನೆನಪಾಗಿತ್ತು.

ಅಣ್ಣ ಸಮರ್ಥ ಹುಬ್ಬಳ್ಳಿಯ ಮಂದಾರ ಮೆಲೊಡೀಸ್ ಆರ್ಕೆಸ್ಟ್ರಾದಲ್ಲಿ ಕಾಲೇಜು ಬಿಟ್ಟಾಗಿನಿಂದ ಲೀಡ್ ಗಿಟಾರ್ ನುಡಿಸುತ್ತಿದ್ದ. ಅವ್ವ ಅಪ್ಪ ಬೇಗ ಹೋದ ಮೇಲೆ ತಂಗಿಯನ್ನು ಓದಿಸಿ ದೊಡ್ಡವಳನ್ನಾಗಿ ಮಾಡಿದವನು ಅವನೇ. ಸಣ್ಣವಳಿದ್ದಾಗ ಅವಳು ಅವನ ಗಿಟಾರಿನ ಬೆನ್ನಿಗೆ ಕಿವಿ ಹಚ್ಚಿ ಕೂರುತ್ತಿದ್ದಳು. ಕಟ್ಟಿಗೆಯೊಳಗೆ ಸದ್ದು ಓಡಾಡುವುದನ್ನು ಅವಳು ಮೊದಲು ತಿಳಿದದ್ದು ಹಾಗೆ. ಅವನು ಹಾಡಿನ ನಡುವೆ ಒಂದು ಸ್ವರವನ್ನು ಎಳೆದು ನಿಲ್ಲಿಸಿದರೆ, ಕುರ್ಚಿ ಎತ್ತಿಡುತ್ತಿದ್ದ ಹುಡುಗರೂ ಕುರ್ಚಿ ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದರು.

ಅಂಥವನ ಗಿಟಾರ್ ಆರು ವರ್ಷಗಳಿಂದ ಸಪ್ಪೆಯಾಗಿತ್ತು. ಮೊದಲು ಪಿಕಪ್ ಬದಲಾಯಿತು. ಆಮೇಲೆ ಡ್ರಮ್ ಬಾರಿಸುವ ಇಮ್ತಿಯಾಜ್ ನದಾಫ ಮುಂಬಯಿಯಿಂದ ಇನ್ನೊಂದು ತಂದುಕೊಟ್ಟ. ಮೂರನೆಯದನ್ನು ಶಾಲ್ಮಲಾಳೇ ಸುತ್ತಿದ್ದಳು, ಭೂತಗನ್ನಡಿ ಇಟ್ಟುಕೊಂಡು, ಅಣ್ಣನ ಹುಟ್ಟುಹಬ್ಬಕ್ಕೆಂದು. ಅವಳೇ ಅದನ್ನು ಕೂರಿಸಿಕೊಟ್ಟ ಮೇಲೆ ಅಣ್ಣ ನುಡಿಸಿ, “ಸ್ವಲ್ಪ ಪಾಡ ಆಗೇತಿ ನೋಡವಾ” ಎಂದಿದ್ದ. ಆಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮಂದಾರ ಮೆಲೊಡೀಸಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಸ್ಟೇಜಿನ ಮೇಲೆ ತಪ್ಪಾದರೆ ತಪ್ಪು ವಾದ್ಯದ್ದು, ಬಾರಿಸಿದವರದಲ್ಲ. ಶ್ರುತಿ ತಪ್ಪಿದರೆ “ಕೀಬೋರ್ಡಿಗೆ ಇವತ್ತ ಸಿಟ್ಟು ಬಂದೈತಿ” ಎನ್ನಬೇಕು, ತಾಳ ತಪ್ಪಿದರೆ ಡ್ರಮ್ಮಿನ ಚರ್ಮವನ್ನು ಬೈಯಬೇಕು. ಕಿರಿಯರ ತಪ್ಪನ್ನು ಆಮೇಲೆ ತಾಲೀಮಿನಲ್ಲಿ ಹಿರಿಯರು ತಿದ್ದುತ್ತಿದ್ದರು. ಹಿರಿಯನ ತಪ್ಪನ್ನು ತಿದ್ದುವವರಾರು? ಅದಕ್ಕೆ ಪದ್ಧತಿಯಲ್ಲಿ ಜಾಗವಿರಲಿಲ್ಲ. ಒಬ್ಬರ ವಾದ್ಯವನ್ನು ಇನ್ನೊಬ್ಬರು ಮುಟ್ಟುವುದಂತೂ ದೂರದ ಮಾತು. ಆಯುಧಪೂಜೆಗೆ ಕುಂಕುಮ ಹಚ್ಚುವಾಗ ಕೂಡ ಅವರವರದು ಅವರವರೇ ಎತ್ತಿಡಬೇಕು. ಹೀಗಾಗಿ ಆರು ವರ್ಷ ಇಡೀ ತಂಡ ಸಮರ್ಥನ ಗಿಟಾರಿಗೆ ಹುಷಾರಿಲ್ಲ ಎನ್ನುತ್ತ, ಅದರ ಆರೈಕೆ ಮಾಡುತ್ತ ಬಂದಿತ್ತು.

ತಂಗಿಯ ಯಂತ್ರದ ಹತ್ತಿರ ಅವನು ಏಕೆ ಬರಲಿಲ್ಲ ಎಂದರೆ, ಹಿತ್ತಲ ಗಿಡ ಮದ್ದಲ್ಲ. “ಊರೂರಿಂದ ಬಂದವ್ರು ಸಾಲ ಹಚ್ಚಿರ್ತಾರ, ಮನೀ ಮಂದಿ ನಡಕ ಹೊಕ್ಕರ ಚೊಲೋ ಕಾಣ್ತದೇನು?” ಎನ್ನುತ್ತಿದ್ದ. ಅವಳೂ ಆಯಿತು, ಒಂದು ದಿನ ನೋಡೋಣ ಎಂದು ಬಿಟ್ಟಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ಶಾಲ್ಮಲಾ ಹುಬ್ಬಳ್ಳಿಗೆ ಹೋದಳು. ಅಣ್ಣ ಹೊರಗೆ ಹೊರಡಲು ತಯಾರಾಗುತ್ತಿದ್ದ. ಅವನ ಹೆಂಡತಿ ಪವಿತ್ರಾ ಎದುರಿಗೆ ನಿಂತು ಅವನ ಅಂಗಿಗೆ ಗುಂಡಿ ಹಾಕುತ್ತಿದ್ದಳು.

“ಇದೇನ ವೈನಿ, ಅಣ್ಣ ಕೂಸಾಗ್ಯಾನೇನು?” ಎಂದಳು ಶಾಲ್ಮಲಾ, ನಗಲು ನೋಡುತ್ತ.

“ಆ ಟೇಲರ್ ಕಾಜ ಎಲ್ಲಾ ಸಣ್ಣ ಮಾಡ್ಯಾನ ನೋಡವಾ. ಗುಂಡಿ ಹೊಗಂಗಿಲ್ಲ. ಇವರಿಗೆ ಅರ್ಧಾ ತಾಸು ಹಿಡೀತೈತಿ,” ಎಂದಳು ಪವಿತ್ರಾ. “ಟೇಲರ್ ಬದಲ ಮಾಡ್ರಿ ಅಂದ್ರ ಕೇಳಂಗಿಲ್ಲ. ಹಳೇ ಅಂಗೀನೂ ಹಂಗ ಆಗ್ಯಾವ, ತೊಳದು ತೊಳದು ಕಾಜ ಬಿಗ್ಯಾಗ್ಯಾವ.”

ಶಾಲ್ಮಲಾ ಬಾಗಿಲಿಗೆ ಆತು ನಿಂತಳು. ತೊಳೆದರೆ ಕಾಜ ಹಿಗ್ಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗಿಟಾರ್ ತಗೊಂಡು ನಾಳೆ ಧಾರವಾಡಕ್ಕೆ ಬಾ ಎಂದಷ್ಟೇ ಹೇಳಿದಳು. ಅವನ ಮುಖ ಹಿಗ್ಗಿತು.

“ಕಡೀಕೂ ನನ್ನ ಪಾಳಿ ಬಂತಲ್ಲ,” ಎಂದ ಸಮರ್ಥ.

ಮರುದಿನ ಗಿಟಾರನ್ನು ಅವನೇ ಯಂತ್ರದ ತೊಟ್ಟಿಲಲ್ಲಿ ಮಲಗಿಸಿದ. ಪವಿತ್ರಾಳೂ ಜೊತೆಗೆ ಬಂದಿದ್ದಳು. ಶಾಲ್ಮಲಾ ರಾತ್ರಿಯಿಡೀ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದಳು. ಬಾಯಿಮಾತಿನಲ್ಲಿ ಹೇಳಿದರೆ ಅಣ್ಣ ನಂಬುವವನಲ್ಲ, ತಾನೂ ಹೇಳಬಲ್ಲವಳಲ್ಲ. ನಾದಗನ್ನಡಿಗೆ ಯಾರ ನುಡಿಸಾಣಿಕೆಯನ್ನಾದರೂ ಕೇಳಿಸಿದರೆ ಅವರ ಬೆರಳಿನ ಒತ್ತು, ಮೀಟಿನ ತೂಕ ಎಲ್ಲವನ್ನೂ ಲೆಕ್ಕ ಹಾಕಿ, ಯಂತ್ರದ ಕೈಗಳು ಹಾಗೆಯೇ ನುಡಿಸುತ್ತಿದ್ದವು. ಅವಳು ದುರ್ಗದಬೈಲಿನಲ್ಲಿ ನಡೆದ ಒಂದು ಹಳೆಯ ಗಣಪತಿ ಕಾರ್ಯಕ್ರಮದ ಧ್ವನಿಮುದ್ರಿಕೆಯನ್ನು ಅದಕ್ಕೆ ಕೇಳಿಸಿಟ್ಟಿದ್ದಳು. ಪಿಕಪ್ಪಿನ ತಂಟೆ ಶುರುವಾಗುವುದಕ್ಕೂ ಹಿಂದಿನದು ಅದು.

ಯಂತ್ರದ ಕೈಗಳು ಇಳಿದವು, ಮೀಟಿದವು. ಒಂದು ಸ್ವರ ಎದ್ದು, ಏರಿ, ಮೇಲೆ ಹೋಗಿ ನಿಂತು ಸಣ್ಣಗೆ ತೂಗಿತು. ಪವಿತ್ರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪರದೆಯ ತುಂಬ ನೀಲಿ ಹರಿಯಿತು, ಎಲ್ಲಿಯೂ ಒಂದು ಕೆಂಪು ಚುಕ್ಕೆ ಇಲ್ಲ.

ಸಮರ್ಥ ಕುರ್ಚಿಯ ತುದಿಗೆ ಬಂದಿದ್ದ. “ನೋಡಿದ್ಯಾ, ಜೀವ ಐತಿ ಇದರಾಗ,” ಎಂದ. ಆ ದನಿಯಲ್ಲಿ ಇದ್ದ ಖುಷಿಯನ್ನು ಶಾಲ್ಮಲಾ ಬಹಳ ವರ್ಷಗಳಿಂದ ಕೇಳಿರಲಿಲ್ಲ. “ನಾ ಹೇಳತಿದ್ದೆ, ಗಿಟಾರ್ ಚೊಲೋ ಐತಿ, ಏನೋ ಸಣ್ಣದೊಂದು ತಪ್ಪೈತಿ ಅಂತ. ಏನ ಮಾಡಿದಿ? ಯಾವ ಪಿಕಪ್ ಹಾಕಿದಿ?”

“ಏನೂ ಮಾಡಿಲ್ಲಣ್ಣಾ. ನೀ ತಂದಂಗ ಐತಿ.”

“ಮತ್ತ ಈ ಕೈ? ಯಾರ್ದಿದು? ಭಾಳ ಚೊಲೋ ಬಾರಸ್ತಾನ.”

“ನಿಂದಣ್ಣಾ. ದುರ್ಗದಬೈಲಿನ ಪ್ರೋಗ್ರಾಮಿಂದು. ಎಂಟು ವರ್ಷದ ಹಿಂದಿನ ಕೈ.”

ಅವನು ಇನ್ನೂ ನಗುತ್ತಲೇ ಇದ್ದ. ಯಂತ್ರ ಹಾಡಿನ ಎರಡನೆಯ ಚರಣಕ್ಕೆ ಬಂದಿತ್ತು. ಅವನ ಕಣ್ಣು ಯಂತ್ರದ ರಬ್ಬರ್ ಬೆರಳುಗಳ ಮೇಲೆ ನೆಟ್ಟಿತ್ತು, ಆಮೇಲೆ ತನ್ನ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ತನ್ನ ಎಡಗೈಗೆ ಇಳಿಯಿತು. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

“ಗಿಟಾರ್ ಅಲ್ಲ ಹಂಗಾದ್ರ,” ಎಂದ. “ನಾನು.”

ಶಾಲ್ಮಲಾ ಯಂತ್ರವನ್ನು ನಿಲ್ಲಿಸಲು ಹೋದಳು. ಅವನು ಬೇಡ ಎಂದು ಕೈ ಮಾಡಿದ. ಹಾಡು ಮುಗಿಯುವ ತನಕ ಮೂವರೂ ಕೂತು ಕೇಳಿದರು. ತನ್ನದೇ ಕೈಯ ಹಾಡನ್ನು ಅವನು ಸತ್ತವರ ಮನೆಯಲ್ಲಿ ಕೂತವನ ಹಾಗೆ ಕೇಳಿದ. ಶಾಲ್ಮಲಾ ಅಳುತ್ತಿದ್ದಳು, ಕಣ್ಣೊರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ನಿಖತ್ ತಮ್ಮ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ರೋಗ ಅರ್ಧಕ್ಕಿಂತ ಹೆಚ್ಚು ದಾರಿ ಬಂದಿದೆ. ಔಷಧಿ ಇವತ್ತೇ ಶುರು ಮಾಡೋಣ, ಇಲ್ಲಿಗೆ ನಿಲ್ಲುತ್ತದೆ. ಊಟ, ನಡಿಗೆ, ಮಾತು ಎಲ್ಲ ಹೀಗೇ ಉಳಿಯುತ್ತವೆ.

“ಕೈ?” ಎಂದು ಕೇಳಿದ ಸಮರ್ಥ.

“ಇವತ್ತ ಹೆಂಗೈತಿ ಹಂಗ ಇರ್ತೈತ್ರಿ. ಮೊದಲಿನಂಗ ಆಗೂದಿಲ್ಲ.” ನಿಖತ್ ಔಷಧಿಯ ಚೀಟಿ ಬರೆಯುತ್ತ, “ನಾಕೈದು ವರ್ಷ ಮೊದಲ ಬಂದಿದ್ರ, ಆವತ್ತಿನ ಕೈ ಉಳೀತಿತ್ತು,” ಎಂದರು.

ಪವಿತ್ರಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ಟೇಲರನ ಮನೆಗೆ ಹೋಗಿ ಜಗಳ ಮಾಡಿ ಬಂದಿದ್ದೆ ಎಂದು ಅತ್ತಳು. ಪಾಪ, ಆ ಟೇಲರ್ ಎರಡು ಅಂಗಿಗಳ ಕಾಜಗಳನ್ನು ಬಿಚ್ಚಿ ಹೊಸದಾಗಿ ಹೊಲಿದು ಕೊಟ್ಟಿದ್ದನಂತೆ.

ಸುದ್ದಿ ತಿಳಿದು ಇಮ್ತಿಯಾಜ್ ಮನೆಗೆ ಬಂದ. ಸಮರ್ಥನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಸಮರ್ಥನ ಬೆನ್ನ ಹಿಂದೆ ಡ್ರಮ್ ಮುಂದಿಟ್ಟುಕೊಂಡು ಕೂತೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಒಳಗೆ ಬಂದವನು ಕುರ್ಚಿ ಹಿಡಿಯದೆ ನೆಲದ ಮೇಲೆ ಕೂತ.

“ನಂಗ ಗೊತ್ತಿತ್ತಣ್ಣಾ,” ಎಂದ. “ಹಿಂದ ಕುಂತವಗ ಮೊದಲ ಗೊತ್ತಾಕ್ಕೈತಿ. ನಿನ್ನ ಕೈ ಮುಂಚಿನಂಗ ಇಲ್ಲ ಅಂತ ನಮಗೆಲ್ಲಾರಿಗೂ ಗೊತ್ತಿತ್ತು. ನಿನ್ನ ಮಾರಿಗೆ ಹೆಂಗ ಹೇಳೂದು? ನಮಗೆಲ್ಲಾ ಕಲಿಸಿದಾವ ನೀನು. ಮರ್ಯಾದಿ ತಗದಂಗ ಆಗತಿತ್ತಲ್ಲ.”

“ಅದಕ್ಕ ಮುಂಬಯಿತನಕ ಹೋಗಿ ಪಿಕಪ್ ತಂದಿ.”

“ಹೌದಣ್ಣಾ.”

“ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತು ನೋಡು,” ಎಂದು ಸಮರ್ಥ ನಕ್ಕ. ನಗು ಹಾಗೆಯೇ ಬಿಕ್ಕಾಗಿ ತಿರುಗಿತು. ಶಾಲ್ಮಲಾ ಅಣ್ಣ ಅತ್ತದ್ದನ್ನು ಅವ್ವ ತೀರಿಕೊಂಡಾಗ ಒಮ್ಮೆ ನೋಡಿದ್ದಳು, ಇದು ಎರಡನೆಯ ಸಲ. ಅವನು ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದ, “ಇಮ್ತಿಯಾಜ್, ನಿಂಗ ಒಂದೀಟು ಗಿಟಾರ್ ಬರ್ತೈತಿ ಹೌದಿಲ್ಲೊ? ಒಂದ ದಿನ, ತಾಲೀಮಿನಾಗ, ಕೊಡ ಇಲ್ಲಿ ಅಂತ ನನ್ನ ಗಿಟಾರ್ ಇಸ್ಕೊಂಡು ಎರಡ ಸ್ವರ ಬಾರಿಸಿ ತೋರಿಸಿದ್ರ ಸಾಕಾಗಿತ್ತಲ್ಲೋ. ಯಂತ್ರ ಯಾಕ ಬೇಕಿತ್ತು ಇದಕ್ಕ?”

ಇಮ್ತಿಯಾಜ್ ತಲೆ ತಗ್ಗಿಸಿದ. ಶಾಲ್ಮಲಾಳೂ ತಲೆ ತಗ್ಗಿಸಿದಳು. ಮೂರನೆಯ ಪಿಕಪ್ ಕೂರಿಸಿ ಕೊಟ್ಟ ದಿನ ಗಿಟಾರ್ ಅವಳ ಮಡಿಲಲ್ಲೇ ಇತ್ತು. ಅಣ್ಣನ ಗಿಟಾರ್ ಮೀಟಬಾರದೆಂದು ತಂತಿಯನ್ನು ಮುಟ್ಟದೆ ಕೊಟ್ಟಿದ್ದಳು.

ತಂಡದವರು ಒಂದು ಉಪಾಯ ಹೇಳಿದರು. ಯಂತ್ರದ ಕೈಗಳನ್ನು ಸ್ಟೇಜಿನ ಮೇಲೆ ಇಟ್ಟು ಸಮರ್ಥನ ಹಳೆಯ ಕೈಯಿಂದಲೇ ನುಡಿಸಿದರೆ ಹೇಗೆ? ಜನ ಮುಗಿಬೀಳುತ್ತಾರೆ. ಸಮರ್ಥ ಒಪ್ಪಲಿಲ್ಲ. “ನಾ ಇನ್ನೂ ಇದ್ದೀನಿ, ಫೋಟೋಕ್ಕ ಹಾರ ಹಾಕಬ್ಯಾಡ್ರಿ” ಎಂದ. ಆ ವರ್ಷದ ಗಣಪತಿ ಹಬ್ಬಕ್ಕೆ ಅವನು ಲೀಡ್ ಜಾಗ ಬಿಟ್ಟು ಹಿಂದೆ ಇಮ್ತಿಯಾಜನ ಪಕ್ಕಕ್ಕೆ ಬಂದು, ಹಾಡಿಗೆ ಆಸರೆಯಾಗುವ ಸುಲಭದ ಪಟ್ಟುಗಳನ್ನಷ್ಟೇ ನುಡಿಸಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಾತ, ಹಂಚಿನಮನಿಯವರು ಯಾಕ ಬಂದಿಲ್ಲ ಎಂದು ಪಕ್ಕದವನನ್ನು ಕೇಳಿದ್ದು ಶಾಲ್ಮಲಾಳ ಕಿವಿಗೆ ಬಿತ್ತು.

ಆಮೇಲೆ ನಾದಗನ್ನಡಿ ದೇಶದೇಶಗಳಿಗೆ ಹೋಯಿತು. ಗಿಟಾರಿನವರ ಬೆನ್ನಿಗೆ ಸಿತಾರಿನವರು, ಪಿಟೀಲಿನವರು, ತಬಲಾದವರು ಬಂದರು. ಸಕಾಲಕ್ಕೆ ಸಿಕ್ಕಿ, ಕೈ ಉಳಿಸಿಕೊಂಡವರ ಸಂಖ್ಯೆ ದೊಡ್ಡದು. ಅವರಲ್ಲಿ ಹಲವರು ಶಾಲ್ಮಲಾಳಿಗೆ ತಮ್ಮ ನುಡಿಸಾಣಿಕೆ ಕಳಿಸುತ್ತಿದ್ದರು. ಅವಳು ಎಲ್ಲವನ್ನೂ ಕೇಳುತ್ತಿದ್ದಳು, ಒಂದೊಂದನ್ನು ಕೇಳುವಾಗಲೂ ಸಂತೋಷದ ಜೊತೆಗೇ ಅಣ್ಣನ ಕೈ ನೆನಪಾಗುತ್ತಿತ್ತು. ಎಲ್ಲವೂ ಒಳ್ಳೆಯದೇ ಆಯಿತು ಎಂದಲ್ಲ. ಯಂತ್ರದ ಮುಂದೆ ಕೂರಲು ಹೆದರುವವರು ಹುಟ್ಟಿಕೊಂಡರು. ಗಿಟಾರ್ ಸಪ್ಪೆಯಾಗಿದೆ ಎಂಬ ಮಾತನ್ನು ಬಾಯಿಬಿಟ್ಟು ಆಡುವುದನ್ನೇ ಬಿಟ್ಟರು. ಹಿಂದೆ ಹರಟೆಯ ಮಾತಾಗಿದ್ದದ್ದು ಈಗ ಎದೆ ನಡುಗಿಸುವ ಮಾತಾಗಿತ್ತು. ಮಂದಾರ ಮೆಲೊಡೀಸಿನವರು ಮಾತ್ರ ತಮ್ಮ ಪದ್ಧತಿಯನ್ನು ಬದಲಿಸಿಕೊಂಡರು. ಪ್ರತಿ ಹಬ್ಬದ ಮುಂಚೆ ಎಲ್ಲರೂ ಒಂದೆಡೆ ಕೂತು, ತಮ್ಮ ವಾದ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೇಳುತ್ತಿದ್ದರು. ಹಿರಿಯರದನ್ನು ಮೊದಲು.

ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಶಾಲ್ಮಲಾ ಪ್ರಯೋಗಾಲಯದಲ್ಲಿ ಹಳೆಯ ಅಂತರ್ಜಾಲದ ಉಗ್ರಾಣವನ್ನು ತಡಕುತ್ತಿದ್ದಳು. ಈ ರೋಗದ ಮೊದಲ ದನಿ ಹಿಂದಿನವರಿಗೂ ಕೇಳಿಸಿತ್ತೇ ಎಂದು ನೋಡುವ ಕೆಲಸ ಅದು. ಸಮರ್ಥ ಪಕ್ಕದಲ್ಲಿದ್ದ. ನುಡಿಸುವುದು ಕಡಿಮೆಯಾದ ಮೇಲೆ ಅವನು ವಾರಕ್ಕೆರಡು ಸಲ ಬಂದು ಕಿವಿಯ ಕೆಲಸ ಮಾಡಿಕೊಡುತ್ತಿದ್ದ. ಗಿಟಾರ್ ಹವ್ಯಾಸಿಗಳು ಸೇರುತ್ತಿದ್ದ ಹಳೆಯ ಚರ್ಚೆಯ ತಾಣವೊಂದರಲ್ಲಿ ಯಾರೋ ಒಬ್ಬ ಬರೆದಿದ್ದ: ಗಿಟಾರ್ ಒಳ್ಳೆಯದೇ, ಪಿಕಪ್ ಬದಲಿಸಿದೆ, ವೈರು ಬದಲಿಸಿದೆ, ಸೇತುವೆ ಬದಲಿಸಿದೆ, ಆದರೂ ಜೀವ ಬರುತ್ತಿಲ್ಲ, ಇನ್ನೇನು ಬದಲಿಸಲಿ? ಕೆಳಗೆ ತಾನು ನುಡಿಸಿದ ಒಂದು ತುಣುಕನ್ನು ಸೇರಿಸಿದ್ದ.

“ಯಾವಾಗಿಂದಿದು?” ಎಂದ ಸಮರ್ಥ.

“ಎರಡು ಸಾವಿರದ ಇಪ್ಪತ್ತಾರು.”

“ನಾನಿನ್ನೂ ಕಾಲೇಜಿನಾಗಿದ್ದೆ.”

ಅವಳು ತುಣುಕನ್ನು ನಾದಗನ್ನಡಿಗೆ ಕೇಳಿಸಿದಳು. ಪರದೆಯ ಮೇಲೆ ಗೆರೆ ಮೂಡುವುದಕ್ಕೆ ಮೊದಲೇ ಸಮರ್ಥ ಕಣ್ಣು ಮುಚ್ಚಿಕೊಂಡ. “ನನ್ನಂಗ ಐತಿ,” ಎಂದ. ಆಮೇಲೆ ಯಂತ್ರವೂ ಅದನ್ನೇ ಹೇಳಿತು.

ಪ್ರಶ್ನೆಯ ಕೆಳಗೆ ಉತ್ತರಗಳ ಸಾಲೇ ಇತ್ತು. ಎಲ್ಲ ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆಗಳು. ದಪ್ಪ ತಂತಿ ಹಾಕು ಎಂದಿದ್ದರು, ಬೇರೆ ಆಂಪ್ಲಿಫೈಯರ್ ನೋಡು ಎಂದಿದ್ದರು, ಇಂಥ ಪಿಕಪ್ ಬಿಟ್ಟು ಅಂಥದ್ದನ್ನು ತಗೊ ಎಂದಿದ್ದರು.

“ಇವಗ ಹೇಳಾಕ ಬರ್ತದೇನು?” ಎಂದ ಸಮರ್ಥ.

“ಇಲ್ಲಣ್ಣಾ. ಮೂವತ್ತು ವರ್ಷದ ಮ್ಯಾಲಾತು.”

ಅವನು ಕೇಳಿಸಿಕೊಳ್ಳದವನಂತೆ, ತನ್ನ ನಿಧಾನದ ಬೆರಳಿನಿಂದ ಪುಟವನ್ನು ಕೆಳಗೆ ಕೆಳಗೆ ಸರಿಸುತ್ತ ಹೋದ. ಆ ಅಪರಿಚಿತ ಕೊನೆಯಲ್ಲಿ ಇನ್ನೊಮ್ಮೆ ಬರೆದಿದ್ದ. ಎಲ್ಲರಿಗೂ ಧನ್ಯವಾದ, ಹೊಸ ಪಿಕಪ್ ತರಿಸಿದ್ದೇನೆ, ನಾಳೆ ಕೂರಿಸುತ್ತೇನೆ ಎಂದಿತ್ತು.